ಕಡುಬಿನ ಅಂಚಿನ ಮರಳುಚೀಲ

ಅಮೆರಿಕದ ಮುಕಿಲ್ಟಿಯೊದ ವಿಮಾನ ಕಾರ್ಖಾನೆಯ ಎಂಜಿನಿಯರ್ ಚನ್ನವೀರ, ಯುದ್ಧಕಾಲದ ವಿಮಾನನೆಲೆಯ ಪುಟ್ಟ ಮಾದರಿಗೆಂದು ಎರಡು ಚಳಿಗಾಲ ಹಳೆಯ ಫೋಟೋಗಳನ್ನು ಜಾಲಾಡಿದ್ದ. ಶತ್ರುವಿಮಾನ ಹೊಡೆಯುವ ತೋಪಿನ ಸುತ್ತ ಮರಳುಚೀಲ ಪೇರಿಸುತ್ತಿದ್ದ ರೀತಿ ಅವನಿಗೆ ಬಾಯಿಪಾಠ. ಆ ಮಾದರಿಯನ್ನು ಹೆಂಡತಿ ವೈಶಾಲಿಗೂ ಮುಟ್ಟಗೊಡುತ್ತಿರಲಿಲ್ಲ.

ಆದರೂ ಮಾದರಿಗಳ ಪ್ರದರ್ಶನದಲ್ಲಿ ಜನ ಮುತ್ತಿಕೊಂಡದ್ದು ಹತ್ತಿರದ ಊರು ಕೆನ್ಮೋರಿನ ಗುರುಪ್ರಸಾದನ ಮಾದರಿಯನ್ನು. ಅವನ ಮರಳುಚೀಲಗಳನ್ನು ಎಲ್ಲರೂ ಹೊಗಳುವವರೇ. ಚನ್ನವೀರನ ಹೊಟ್ಟೆ ಉರಿಯಿತು. ತಪ್ಪು ಹುಡುಕಲೆಂದೇ ಬಗ್ಗಿ ನೋಡಿದ; ಸಿಕ್ಕಿತು. ಒಂದೊಂದು ಚೀಲದ ಬಾಯಿಯನ್ನೂ ಕರಿಗಡುಬಿನ ಅಂಚಿನಂತೆ ನಿರಿಗೆ ಹಿಡಿದು ಒತ್ತಲಾಗಿತ್ತು.

“ಯಾವ ಸಿಪಾಯೀನೂ ಚೀಲಕ್ಕ ಹಿಂಗ ಕಡುಬಿನ ಅಂಚು ಮಡಚಂಗಿಲ್ರಿ,” ಎಂದ, ಎಲ್ಲರಿಗೂ ಕೇಳುವಂತೆ.

“ನಂಗೇನ್ ಗೊತ್ತು ಸರ್,” ಎಂದ ಗುರುಪ್ರಸಾದ. “ಅಷ್ಟೂ ಚೀಲ ಮಾಡ್ಕೊಟ್ಟಿದ್ದು ವೈಶಾಲಿ ಮೇಡಮ್. ಮಾಡ್ಕೊಡ್ಲಾ ಅಂತ ಮೊದ್ಲು ನಿಮ್ಮನ್ನೇ ಕೇಳಿದ್ರಂತೆ.”