ಕೊಟ್ಟೀನಿ ಎಂದ ಮಾತು

ತಾಂಬಾದಲ್ಲಿ ಈ ಸಂಗತಿಯನ್ನು ಹೇಳುವವರು ಎರಡು ಸುಳ್ಳು ಸೇರಿಸುತ್ತಾರೆ. ನನ್ನ ಚಿಗವ್ವ ಮಂತ್ರ ಹಾಕಿದಳು ಎನ್ನುವುದು ಒಂದು, ನಾನು ಅವಳ ಕಾಲು ಹಿಡಿದು ಅತ್ತೆ ಎನ್ನುವುದು ಇನ್ನೊಂದು. ಮಂತ್ರ ಎಲ್ಲಿಯದು? ಅವಳ ಕೈಯಲ್ಲಿದ್ದದ್ದು ಚಹಾದ ಬಟ್ಟಲು. ಅತ್ತದ್ದು ನಿಜ, ಕಾಲು ಹಿಡಿದಿಲ್ಲ. ಇಂಥದ್ದನ್ನು ನಂಬುವವರನ್ನು ಆಡಿಕೊಂಡೇ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದವನು ನಾನು. ಆದ್ದರಿಂದ ನಡೆದಷ್ಟನ್ನೇ ಹೇಳುತ್ತೇನೆ.

ಎಪ್ಪತ್ತರ ದಶಕದ ಆರಂಭ. ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿನ ಮೇಲಿಂದ ಚೀಲ ಇಳಿಸಲು ಹೋಗಿ ಬಿದ್ದಂದಿನಿಂದ ನನ್ನ ಬಲಭುಜ ಕೀಲು ತಪ್ಪುತ್ತಿತ್ತು. ಒಮ್ಮೆ ವೇದಿಕೆಯ ಮೇಲೆ ಎದುರಾಳಿಯತ್ತ ಕೈ ಎತ್ತಿದಾಗಲೇ ತಪ್ಪಿತು. ಸೊಲ್ಲಾಪುರದಲ್ಲಿ ಆಪರೇಶನ್ ಆಯಿತು. ಅವ್ವ ಇರಲಿಲ್ಲ, ಅವಳ ತಂಗಿ ಚಿಗವ್ವ ನನ್ನನ್ನು ತನ್ನೂರು ತಾಂಬಾಕ್ಕೆ ಕರೆದೊಯ್ದಳು. ರೊಟ್ಟಿ ಬಡಿಯುವುದರಲ್ಲಿ ಅವಳಿಗೆ ಸಾಟಿಯಿರಲಿಲ್ಲ. ಮದುವೆಯ ಮನೆಯವರು ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಬೆಳಗ್ಗೆ ರೊಟ್ಟಿಯ ಸಪ್ಪಳಕ್ಕೇ ನನಗೆ ಎಚ್ಚರವಾಗುತ್ತಿತ್ತು.

ಮೊಣಕೈ ಕೆಳಗೆ ದಿಂಬಿಟ್ಟು ಒರಗಿಯೇ ಮಲಗು, ಮುಷ್ಟಿ ಹಿಡಿದು ಬಿಡುತ್ತಿರು, ನೋವು ಏರುವ ಮೊದಲೇ ಗುಳಿಗೆ ನುಂಗು ಎಂದು ಡಾಕ್ಟರರು ಹೇಳಿದ್ದರು. ನೋವೇ ಇಲ್ಲದಾಗ ಗುಳಿಗೆ ಯಾಕೆ ಎಂದು ತರ್ಕ ಹೂಡಿ ಒಂದು ಮಧ್ಯಾಹ್ನ ಬಿಟ್ಟೆ. ದೀಪ ಹಚ್ಚುವ ಹೊತ್ತಿಗೆ ನೋವು ಕುತ್ತಿಗೆಗೇ ಏರಿತು. ಆಮೇಲೆ ನುಂಗಿದ ಗುಳಿಗೆ ಅದರ ಹತ್ತಿರವೂ ಸುಳಿಯಲಿಲ್ಲ. ಚಿಗವ್ವ ಕೌದಿ ಮಡಚಿ ಮೊಣಕೈಗೆ ಆನಿಸಿದಳು, ಒದ್ದೆ ಬಟ್ಟೆ ಇಟ್ಟಳು. ಆಮೇಲೆ ಚಹಾ ಹಿಡಿದು ಪಕ್ಕದಲ್ಲಿ ಕುಳಿತಳು.

"ಸ್ಟೇಜಿನ ಮ್ಯಾಲ ಹುಲಿ, ಇಲ್ಲಿ ಇಲಿ ಆದೆಲ್ಲೋ! ಅಷ್ಟೂ ನೀನ ಇಟಗೊಂಡು ಏನ್ ಮಾಡ್ತಿ? ನನಗ ಕೊಡು. ಬಾಯಿಬಿಟ್ಟು ಕೊಟ್ಟೀನಿ ಅನ್ನು."

ಅಳುವಿನಲ್ಲೂ ನನ್ನ ನಾಲಿಗೆ ಸುಮ್ಮನಿರಲಿಲ್ಲ. "ಮಾನ್ಯ ಅಧ್ಯಕ್ಷರ, ನನ್ನ ನೋವು ಪೂರಾ ನಮ್ಮ ಚಿಗವ್ವಗ ಕೊಟ್ಟೀನಿ!"

ಅವಳು ನಕ್ಕು ಚಹಾ ಮುಗಿಸಿದಳು. ನನಗೆ ನಿದ್ದೆ ಬಂತು.

ಎಚ್ಚರವಾದಾಗ ಮುಖದ ಮೇಲೆ ಬಿಸಿಲಿತ್ತು, ರೊಟ್ಟಿಯ ಸಪ್ಪಳ ಇರಲಿಲ್ಲ. ಭುಜದಲ್ಲಿ ಭಾರವಿತ್ತು, ನೋವಿಲ್ಲ. ಚಿಗವ್ವ ಒಲೆಯ ಮುಂದೆ ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಎದುರಿಗೆ ಕಲಸದ ಹಿಟ್ಟು. "ಯಾಕೋ ಕೈ ಏಳವಲ್ದೋ ತಮ್ಮಾ," ಎಂದಳು.

ಗುಳಿಗೆ ತಡವಾಗಿ ಕೆಲಸ ಮಾಡಿತು. ದಿನವೆಲ್ಲ ನನ್ನನ್ನು ಎತ್ತಿ ಕೂರಿಸಿ ಅವಳ ಭುಜ ಹಿಡಿದುಕೊಂಡಿತು. ಹೀಗೆ ನಾನೇ ವಾದಿಸಿದೆ, ಈಗಲೂ ವಾದಿಸಬಲ್ಲೆ. ಆದರೆ ಅಂದು ನಾನು ಪಡಸಾಲೆಯಲ್ಲಿ ಕುಳಿತು ಮುಷ್ಟಿ ಬಿಗಿಹಿಡಿದಾಗ, ಗೋಡೆಯಾಚೆಯ ಅಡುಗೆಮನೆಯಿಂದ ಚಿಗವ್ವ "ಹಾಂ, ಸಾವಕಾಶೋ!" ಎಂದಳು. ಬೆಕ್ಕಿಗೋ ಮಗುವಿಗೋ ಅಂದಿರಬೇಕೆಂದುಕೊಂಡೆ. ಮನೆಯಲ್ಲಿ ಎರಡೂ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಉಸಿರು ಹಿಡಿದು, ಸದ್ದಿಲ್ಲದೆ ಮತ್ತೊಮ್ಮೆ ಮುಷ್ಟಿ ಬಿಗಿದೆ. "ಸಾವಕಾಶ ಅಂದ್ನೆಲ್ಲೋ!"

ಇನ್ನೊಮ್ಮೆ ಪರೀಕ್ಷಿಸಬೇಕಿತ್ತು. ಎದುರಾಳಿಯಾಗಿದ್ದರೆ ನಾನೇ ಹಾಗೆ ಕೇಳುತ್ತಿದ್ದೆ. ಧೈರ್ಯ ಬರಲಿಲ್ಲ. ಮುಷ್ಟಿ ಹಿಡಿಯುವುದನ್ನೇ ಬಿಟ್ಟೆ. ನನ್ನ ಬೆರಳುಗಳು ಇಂದಿಗೂ ಪೂರ್ತಿ ಮಡಚುವುದಿಲ್ಲ.

ಇಂಡಿ ಊರಿನ ಡಾಕ್ಟರರು ಎಣ್ಣೆ, ಗುಳಿಗೆ ಎಲ್ಲ ಕೊಟ್ಟು ನೋಡಿದರು. ಚಿಗವ್ವನ ಕೈ ಎದೆಯವರೆಗೆ ಏರುತ್ತದೆ, ಅಷ್ಟೇ. ಮದುವೆಯವರ ಗಾಡಿ ಬರುವುದು ನಿಂತಿತು. ಹೋದ ಸಲ ಹೋದಾಗ ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಒಂದರ ಅಂಚು ದಪ್ಪ, ಇನ್ನೊಂದರ ಅಂಚು ಹರಿದಿತ್ತು. ಹರಿದದ್ದನ್ನು ತನ್ನ ತಟ್ಟೆಗೆ ಎಳೆದುಕೊಂಡಳು. ಅಂದಿನಂತೆ ಅಧ್ಯಕ್ಷರನ್ನು ಕರೆಯದೆ, ತಮಾಷೆ ಮಾಡದೆ ನಾನು ಕೇಳಿದೆ.

"ಚಿಗವ್ವಾ, ವಾಪಸ್ ಕೊಡು ಅಂದ್ರ ಕೊಡ್ತೀಯೇನ?"