ದ್ರೌಪದಮ್ಮ ಗಿಡಗಳಿಗೆ ಜಾಗ ಹುಡುಕಿದ್ದು

ಚಾಮರಾಜಪೇಟೆಯಲ್ಲಿ ಶೀನಣ್ಣನವರ ಹಿತ್ತಲಿನ ಹೆಂಚಿನ ಕೋಣೆಯನ್ನು ಮುನಿನಾರಾಯಣಪ್ಪನೂ ಅವನ ಹೆಂಡತಿ ದ್ರೌಪದಮ್ಮನೂ ಬಾಡಿಗೆಗೆ ಹಿಡಿದಿದ್ದರು. ಕೋಣೆಗಿಂತ ಅದರ ಮುಂದಿನ ಚಪ್ಪರವೇ ದೊಡ್ಡದು. ಬಿದಿರಿನ ಕಂಬ, ಮೇಲೆ ತೆಂಗಿನ ಗರಿ, ಸಂಜೆಯ ಬಿಸಿಲಿಗೆ ಅಡ್ಡವಾಗಿ ಒಂದು ತಟ್ಟಿ. ಅದರಡಿಯಲ್ಲಿ ಜರಿಗಿಡ, ಕ್ರೋಟನ್ನು, ಕಸಿ ಕಟ್ಟಿದ ಗುಲಾಬಿಗಳ ಕುಂಡಗಳು ಒತ್ತೊತ್ತಾಗಿ ಕುಳಿತಿದ್ದವು.

ಮುನಿನಾರಾಯಣಪ್ಪ ದಂಡಿನ ಕಡೆಯ ಒಂದು ಬಂಗಲೆಯಲ್ಲಿ ಬಹುಕಾಲ ಮಾಲಿಯಾಗಿದ್ದವನು. ಬಂಗಲೆಯ ಇಂಗ್ಲಿಷ್ ದೊರೆ ಸೀಮೆಗೆ ಹೊರಟಾಗ ಕೆಲವು ಕುಂಡಗಳನ್ನು ಇವನಿಗೇ ಬಿಟ್ಟುಹೋಗಿದ್ದ. ಅವುಗಳಿಂದ ಸಸಿ ತೆಗೆದು ಬೆಳೆಸಿದ್ದೇ ಈ ಚಪ್ಪರ. ಬಸವನಗುಡಿಯಲ್ಲಿ ಹೊಸ ಮನೆ ಕಟ್ಟಿದವರು ಬಂದು ಜಗುಲಿಗೆಂದು ಒಂದೆರಡು ಗಿಡ ಕೊಂಡೊಯ್ಯುತ್ತಿದ್ದರು.

ದ್ರೌಪದಮ್ಮ ಸೊಪ್ಪು ಮಾರುವವಳು. ಬೇಯಿಸಿ ತಿನ್ನಲಾಗದ ಎಲೆಗೆ ಇಷ್ಟು ಉಪಚಾರ ಯಾಕೆಂದು ಅವಳಿಗೆ ಎಂದೂ ಅರ್ಥವಾಗಿರಲಿಲ್ಲ. ಆದರೆ ಅವಳ ಗಂಡ ಮಾತಿಲ್ಲದ ಮನುಷ್ಯ. ಮಕ್ಕಳಿಲ್ಲದ ಆ ಮನೆಯಲ್ಲಿ ಮಾತು ಹುಟ್ಟುತ್ತಿದ್ದುದು ಬೆಳಗ್ಗೆ ನೀರು ಹಾಕುವ ಹೊತ್ತಿನಲ್ಲಿ ಮಾತ್ರ. ಅವಳು ಕೊಡ ತಂದು ಸುರಿಯಬೇಕು, ಅವನು ಒಂದೊಂದು ಗಿಡದ ಸುದ್ದಿ ಹೇಳಬೇಕು. ಇದು ಚಿಗುರಿತು, ಅದು ಮುನಿಸಿಕೊಂಡಿದೆ, ದೊರೆಸಾನಿಗೆ ಈ ಬಣ್ಣ ಅಂದರೆ ಪ್ರಾಣ. ಹಾಗೇ ಮಾತು ಅವನ ಬಾಲ್ಯಕ್ಕೋ ತಾಯಿಗೋ ಹೋಗಿಬಿಡುತ್ತಿತ್ತು. ದ್ರೌಪದಮ್ಮ ಹೂಂಗುಟ್ಟುತ್ತ ಕೇಳುತ್ತಿದ್ದಳು.

ಅವನ ಕಣ್ಣಿಗೆ ಪೊರೆ ಬೆಳೆದ ಮೇಲೂ ಇದು ನಿಲ್ಲಲಿಲ್ಲ. ಎಲೆಯನ್ನು ಬೆರಳಿನ ನಡುವೆ ಹಿಡಿದು ನೋಡಿ ಹೇಳುತ್ತಿದ್ದ.

ಒಂದು ಸಂಕ್ರಾಂತಿ ಕಳೆದ ಮೇಲೆ ಶೀನಣ್ಣ ಹಿತ್ತಲಿಗೆ ಬಂದು, ಹೇಳಲೋ ಬೇಡವೋ ಎಂಬಂತೆ ನಿಂತರು.

"ಮಗನ ಮದುವೆ ಗೊತ್ತಾಯ್ತು, ಮುನಿನಾರಾಯಣಪ್ಪ. ಸೊಸೆ ಬರೋದ್ರೊಳಗೆ ಇಲ್ಲೊಂದು ಕೋಣೆ ಎಬ್ಬಿಸ್ಬೇಕು. ನೀವಿಬ್ರೂ ಇದ್ದಲ್ಲೇ ಇರಿ. ಚಪ್ಪರ ಮಾತ್ರ ಯುಗಾದಿಗೆ ತೆಗೀಬೇಕಾಗತ್ತೆ."

"ಆಗ್ಲಿ ಸ್ವಾಮಿ," ಎಂದ ಮುನಿನಾರಾಯಣಪ್ಪ.

ಅವರು ಹೋದ ಮೇಲೆ ಹೆಂಡತಿಗೆ, "ಮಾರ್ಬಿಡು. ಕಣ್ಣಿಲ್ದೋನಿಗೆ ಇದೆಲ್ಲಾ ಯಾಕೆ," ಎಂದು ಗೋಡೆಯ ಕಡೆ ತಿರುಗಿ ಕೂತ. ಮರುದಿನ ನೀರು ಹಾಕುವಾಗ ಹೊರಗೆ ಬರಲಿಲ್ಲ. ದ್ರೌಪದಮ್ಮ ಒಬ್ಬಳೇ ಹಾಕಿದಳು. ಕುಂಡದಿಂದ ನೀರು ಸೋರುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಇನ್ನು ಮೇಲೆ ಮನೆ ಹೀಗೇ ಇರುತ್ತದೆ ಅನ್ನಿಸಿತು. ಅವಳು ಮಾರುವುದಿಲ್ಲ ಎಂದು ತೀರ್ಮಾನಿಸಿದ್ದು ಆಗಲೇ.

ಅಂದಿನಿಂದ ಸೊಪ್ಪಿನ ಮಂಕರಿ ಖಾಲಿಯಾದ ಮೇಲೆ ಅವಳು ಜಾಗ ಕೇಳಿಕೊಂಡು ಅಲೆದಳು. ಕೆಂಪಾಂಬುಧಿ ಕೆರೆಯ ಹಿಂದೆ ನೆಂಟ ದೊಡ್ಡಬೈರಪ್ಪ ಹೊಂಗೆ ಮರದ ನೆರಳನ್ನೇ ತೋರಿಸಿ, ಬಾಡಿಗೆ ಬೇಡ, ಇಟ್ಟುಕೋ ಎಂದ. ನೀರೂ ಇತ್ತು. ಆದರೆ ದಾರಿಯೆಲ್ಲ ಹಳ್ಳ, ಕಲ್ಲು. ಗಂಡ ಅಲ್ಲಿಗೆ ನಡೆದು ಬರಲಾರ. ಚಿಕ್ಕಪೇಟೆಯ ರೇಷ್ಮೆ ಅಂಗಡಿಯವರೊಬ್ಬರು ತಾರಸಿ ಕೊಡುತ್ತೇನೆಂದರು. ಮೇಲೆ ಹತ್ತಿ ನೋಡಿದರೆ ಕಾಲು ಸುಡುವ ಬಿಸಿಲು.

ಕೊನೆಗೆ ಅವಳು ಹೋದದ್ದು ಬಸವನಗುಡಿಗೆ, ತಾನು ದಿನಾ ಸೊಪ್ಪು ಕೊಡುವ ಗಿರಿಜಾಂಬಾ ಅವರ ಮನೆಗೆ. ಅವರ ಗಂಡ ಚಕ್ರಪಾಣಿ ವಕೀಲರು. ಮನೆಯ ಹಿಂದೆ ಬಾವಿ, ಬಾವಿಯಾಚೆ ಕಾಂಪೌಂಡಿನ ತನಕ ಖಾಲಿ ನೆಲ.

ಗಿರಿಜಾಂಬಾ ಕೇಳಿ ತಲೆಯಾಡಿಸಿದರು. "ಇಲ್ಲಮ್ಮ. ಅಲ್ಲಿ ಕೊಟ್ಟಿಗೆ ಕಟ್ಟಿಸ್ಬೇಕೂಂತಿದಾರೆ ನಮ್ಮೋರು."

ದ್ರೌಪದಮ್ಮ ಒತ್ತಾಯ ಮಾಡಲಿಲ್ಲ. ಮಂಕರಿ ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತಳು. ಗಿರಿಜಾಂಬಾ ಒಳಗಿನಿಂದ ಮಜ್ಜಿಗೆ ತಂದು ಅವಳ ಬೊಗಸೆಗೆ ಹೊಯ್ದರು.

"ಗಿಡ ಅಂದ್ರೆ ನಿಂಗೆ ಅಷ್ಟು ಪ್ರೀತಿಯಾ?"

"ನಂಗಾ? ಅವುಗಳ ಹೆಸರೂ ಬಾಯಿಗೆ ಬರಲ್ಲ ತಾಯಿ."

"ಮತ್ತೆ ಯಾಕಿಷ್ಟು ಅಲೀತೀಯ?"

ದ್ರೌಪದಮ್ಮ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಅವಿದ್ರೆ ನಮ್ಮನೆಯೋರು ಮಾತಾಡ್ತಾರೆ. ಈಗ ಮಾತು ಬಿಟ್ಟವ್ರೆ."

ಗಿರಿಜಾಂಬಾ ಬಾವಿಯಾಚೆಯ ಖಾಲಿ ನೆಲದ ಕಡೆ ನೋಡಿದರು. ಮರುದಿನ ಸೊಪ್ಪು ಕೊಳ್ಳುವಾಗ, "ಕೊಟ್ಟಿಗೆ ಈ ವರ್ಷ ಇಲ್ಲ," ಎಂದರು. "ಕುಂಡದ ಸಂದಿಗೆ ಹಾವು ಬರತ್ತೆ ಅಂದ್ರು ನಮ್ಮೋರು. ದಿನವಿಡೀ ಹಿತ್ತಲಲ್ಲಿರೋಳು ನಾನು, ನೀವಲ್ವಲ್ಲ, ಅಂದೆ. ಒಪ್ಕೊಂಡ್ರು. ಬಾವಿ ಕಡೆ ಓಡಾಡಕ್ಕೆ ದಾರಿ ಬಿಡಿ. ಮಗಳ ಮದುವೆ ಬಂದಾಗ ಮಾತ್ರ ಜಾಗ ತೆರವು ಮಾಡ್ಕೊಡ್ಬೇಕು." ಬಾಡಿಗೆ ಅವಳು ಕೊಡಬಲ್ಲಷ್ಟೇ ಆಯಿತು.

ದ್ರೌಪದಮ್ಮ ಮನೆಗೆ ಬಂದು ಹೇಳಿದಾಗ ಮುನಿನಾರಾಯಣಪ್ಪ ಸಂತೋಷಪಡಲಿಲ್ಲ. "ಯಾರನ್ನ ಕೇಳಿ ಒಪ್ಕೊಂಡೆ?" ಎಂದ.

"ಯಾರ್ನೂ ಕೇಳ್ಲಿಲ್ಲ. ರಸ್ತೆ ನೆಟ್ಟಗದೆ, ಉದ್ದಕ್ಕೂ ಕಾಂಪೌಂಡು. ಕೈಯಾಡಿಸ್ಕೊಂಡು ಬರ್ಬೋದು. ನೋಡ್ಕೊಂಡೇ ಬಂದಿವ್ನಿ."

ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಕುಂಡಗಳನ್ನು ಸಾಗಿಸಿದರು. ಕೆಲವು ದಾರಿಯಲ್ಲೇ ಒಡೆದವು. ಎರಡು ದಿನ ಮುನಿನಾರಾಯಣಪ್ಪ ಆ ಕಡೆ ತಲೆ ಹಾಕಲಿಲ್ಲ. ಮೂರನೆಯ ದಿನ ಅವಳು ಕೊಡ ಎತ್ತಿಕೊಳ್ಳುವಾಗ ಕೋಲು ಹುಡುಕಿಕೊಂಡು ಎದ್ದ. ದಾರಿಯುದ್ದಕ್ಕೂ ಕಾಂಪೌಂಡಿನ ಮೇಲೆ ಕೈಯಾಡಿಸಿಕೊಂಡು ನಡೆದ. ಹಿತ್ತಲಿಗೆ ಬಂದವನು ಗಿಡ ಮುಟ್ಟುವ ಮೊದಲು ಕಾಂಪೌಂಡು ಗೋಡೆಗೆ ಅಂಗೈ ಒತ್ತಿ ಹಿಡಿದ.

"ಜರಿಗಿಡ ಎಲ್ಲಿಟ್ಟಿದೀಯ?"

"ಈ ಗೋಡೆ ಕೆಳಗೇ. ನೆರಳದೆ ಅಂತ."

"ಬಿಸಿಲಿಗೆ ಗೋಡೆ ಕಾಯತ್ತೆ ಕಣೆ. ಬಾವಿ ಕಡೆ ಎಳಿ, ಅಲ್ಲಿ ತಂಪು. ಬೆಂಗ್ಳೂರಿಗೆ ಬಂದ ಹೊಸದ್ರಲ್ಲಿ ನಾನೂ ಹಿಂಗೇ ಮಾಡಿ ದೊರೆ ಕೈಲಿ ಬೈಸ್ಕೊಂಡಿದ್ದೆ..."

ಅವನು ಹೇಳುತ್ತ ಹೋದ. ದ್ರೌಪದಮ್ಮ ಕುಂಡಗಳನ್ನು ಎಳೆಯುತ್ತಿದ್ದಳು. ಕಣ್ಣಲ್ಲಿ ನೀರು ಬಂದದ್ದು ಅವನಿಗೆ ಕಾಣುವಂತಿರಲಿಲ್ಲ. ಆದರೂ ಮಾತು ನಿಲ್ಲಿಸಿ ಕೇಳಿದ, "ಯಾಕೆ ಮೂಗೆಳೀತಿದೀಯ?"

"ಧೂಳು," ಎಂದಳು.

ಹಿಂಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಗಿರಿಜಾಂಬಾ ಮೊರವನ್ನು ಸದ್ದಾಗದಂತೆ ಕೆಳಗಿಟ್ಟು ಒಳಗೆ ಹೋದರು.

ಎರಡು ಬೇಸಿಗೆ ಕಳೆದ ಮೇಲೆ ಆ ಮನೆಯ ಮಗಳ ಮದುವೆ ಬಂತು. ದ್ರೌಪದಮ್ಮ ಒಪ್ಪಿದಂತೆ ಬೇರೆ ಕಡೆ ವಿಚಾರಿಸತೊಡಗಿದ್ದಳು. "ಎಲ್ಲಿಗೂ ಬೇಡ. ಮುಂದಿನ ಅಂಗಳದಲ್ಲಿ ಇಟ್ರೆ ಮದುವೆ ಮನೆಗೆ ಲಕ್ಷಣ," ಎಂದವರು ಚಕ್ರಪಾಣಿ. ಗಂಡಿನ ಕಡೆಯವರು ಎಲೆ ಕಿತ್ತರೆಂದು ಮುನಿನಾರಾಯಣಪ್ಪ ಒಂದು ವಾರ ಗೊಣಗಿದ. ಕುಂಡಗಳು ಮತ್ತೆ ಹಿಂದಕ್ಕೆ ಬಂದವು. ಕೊಟ್ಟಿಗೆಯ ಮಾತನ್ನು ಆ ಮನೆಯಲ್ಲಿ ಯಾರೂ ಮತ್ತೆ ಎತ್ತಲಿಲ್ಲ.

ಮುನಿನಾರಾಯಣಪ್ಪ ಆಮೇಲೂ ಕೆಲವು ವರ್ಷ ಬದುಕಿದ್ದ. ಒಂದು ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡ. ತಿಂಗಳು ಕಳೆದ ಮೇಲೆ ದ್ರೌಪದಮ್ಮ ಬಂದು, ಜಾಗ ಬಿಟ್ಟುಕೊಡುತ್ತೇನೆಂದಳು.

"ದೀಪಾವಳಿ ಆಗ್ಲಿ, ನೋಡೋಣ," ಎಂದರು ಗಿರಿಜಾಂಬಾ. ಆ ಒಂದು ತಿಂಗಳೂ ಗಿಡಗಳಿಗೆ ನೀರು ಹಾಕಿದವರು ಅವರೇ.

ದೀಪಾವಳಿ ಬಂದು ಹೋಯಿತು. ದ್ರೌಪದಮ್ಮ ಜಾಗ ಬಿಡಲಿಲ್ಲ. ಮುಂದಿನ ಫಲಪುಷ್ಪ ಪ್ರದರ್ಶನಕ್ಕೆ ಲಾಲ್‌ಬಾಗಿಗೆ ಹೋಗಿದ್ದವಳು ನಸುಗೆಂಪು ಎಲೆಯ ಒಂದು ಪುಟ್ಟ ಸಸಿಯನ್ನು ಕೊಂಡು ತಂದಳು. ಅಂಥ ಗಿಡ ಅವಳ ಗಂಡನ ಬಳಿ ಎಂದೂ ಇರಲಿಲ್ಲ. ಕೊಳ್ಳಲು ಬಂದವರು ಅದನ್ನು ಕೇಳಿದರೆ, "ಅದು ನಂದು, ಮಾರೋದಲ್ಲ," ಎನ್ನುತ್ತಿದ್ದಳು.