ಎರಡನೆಯ ದೀಪ

ನನ್ನ ದೊಡ್ಡಪ್ಪನಿಗೆ ಬೀದಿಯವರು ಇಟ್ಟ ಹೆಸರು ಮುಳ್ಳು. ಗಡಿಯಾರ ರಿಪೇರಿಯವರಾದ್ದರಿಂದ ಬಂದ ಹೆಸರೆಂದು ಹೊರಗಿನವರು ತಿಳಿಯುತ್ತಿದ್ದರು. ದೊಡ್ಡಪ್ಪನ ಬಾಯಿಗೆ ಸಿಕ್ಕಿದವರಿಗೆ ಇನ್ನೊಂದು ಕಾರಣವೂ ಗೊತ್ತಿತ್ತು. ಮದುವೆಯಾಗಲಿಲ್ಲ. ನಲವತ್ತು ವರ್ಷ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗುಗಳ ಜೊತೆ ತಾಳ್ಮೆಯಿಂದ ಬಾಳಿದರು. ಮನುಷ್ಯರ ಜೊತೆ ಐದು ನಿಮಿಷವೂ ಏಗಲಾಗುತ್ತಿರಲಿಲ್ಲ.

ನಮ್ಮದೂ ಅವರದೂ ಒಂದೇ ಮನೆ, ನಡುವೆ ಒಂದು ಗೋಡೆ. ಇಂಟರ್ನೆಟ್ಟೂ ಒಂದೇ. ಅದರ ಡಬ್ಬಿ ನಮ್ಮ ಹಾಲಿನಲ್ಲಿ. ಅಲ್ಲಿಂದ ಒಂದು ತಂತಿ ನಮ್ಮ ಕಂಪ್ಯೂಟರಿಗೆ, ಇನ್ನೊಂದು ಗೋಡೆಯ ತೂತಿನ ಮೂಲಕ ಅವರದಕ್ಕೆ. ಮೂರು ವರ್ಷದ ಹಿಂದೆ ಅಪ್ಪ ತನ್ನ ವಾಚನ್ನು ಬೇರೆ ಅಂಗಡಿಗೆ ರಿಪೇರಿಗೆ ಕೊಟ್ಟ. ಅಷ್ಟಕ್ಕೇ ಅಣ್ಣತಮ್ಮಂದಿರು ಮಾತು ಬಿಟ್ಟರು. ತಂತಿ ಕೀಳಲು ಮಾತ್ರ ಇಬ್ಬರ ಕೈಯೂ ಏಳಲಿಲ್ಲ.

ಡಬ್ಬಿಯ ಮೇಲೆ ಪುಟ್ಟ ಹಸಿರು ದೀಪಗಳ ಸಾಲು. ಮೊದಲನೆಯದು ನಮ್ಮದು, ಎರಡನೆಯದು ದೊಡ್ಡಪ್ಪನದು. ಅವರು ಕಂಪ್ಯೂಟರ್ ಆನ್ ಮಾಡಿದರೆ ಅದು ಹೊತ್ತಿಕೊಳ್ಳುತ್ತಿತ್ತು. ಅಪ್ಪ ಬೆಳಿಗ್ಗೆ ಎದ್ದವನೇ ಅದನ್ನು ನೋಡಿ, "ಎದ್ದಿದ್ದಾನೆ ಮಹಾರಾಯ," ಎಂದು ಗೊಣಗಿ ಮುಖ ತೊಳೆಯಲು ಹೋಗುತ್ತಿದ್ದ. ನಮ್ಮ ದೀಪವನ್ನು ಯಾರೂ ನೋಡುತ್ತಿರಲಿಲ್ಲ. ಅಪ್ಪ ಏಳುವ ಮುಂಚೆಯೇ ನಾನು ಟೈಪಿಂಗಿಗೆ ಕೂತಿರುತ್ತಿದ್ದೆ. ನಾವು ಇದ್ದೇವೆಂದು ನಮಗೆ ಗೊತ್ತಿತ್ತಲ್ಲ.

ಒಂದು ಭಾನುವಾರ ನಾನು ತಂತಿಗಳನ್ನು ಬಿಚ್ಚಿ, ಡಬ್ಬಿಯ ಧೂಳು ಒರೆಸಿ, ಮತ್ತೆ ಸಿಕ್ಕಿಸಿದೆ.

ರಿಪೇರಿಗೆ ಬಂದ ಗೋಡೆ ಗಡಿಯಾರಗಳು ಆ ಕಡೆ ಒಂದರ ಹಿಂದೊಂದು ಗಂಟೆ ಹೊಡೆಯುವುದು ನಮಗೆ ರೂಢಿ. ದೊಡ್ಡಪ್ಪ ದಿನಾ ಅವಕ್ಕೆ ಕೀಲಿ ಕೊಡುತ್ತಿದ್ದರು. ಸೋಮವಾರ ಸಂಜೆ ಐದಾರು ಗಡಿಯಾರ ಮಾತ್ರ ಹೊಡೆದವು. ಮಂಗಳವಾರ ಬೆಳಿಗ್ಗೆ ಎರಡು. ಮಧ್ಯಾಹ್ನ ಹನ್ನೆರಡಕ್ಕೆ ಒಂದೂ ಹೊಡೆಯಲಿಲ್ಲ.

"ಅಪ್ಪಾ, ಆ ಕಡೆ ಸದ್ದೇ ಇಲ್ಲ," ಎಂದೆ.

"ಗಿರಾಕಿಗಳು ತಗೊಂಡು ಹೋಗಿರ್ತಾರೆ. ದೀಪ ಉರೀತಿದೆಯಲ್ಲ."

ಉರಿಯುತ್ತಿತ್ತು, ನಿಜ. ಆದರೆ ಅದರ ಆಟ ವಿಚಿತ್ರವಾಗಿತ್ತು. ನಾನು ಕಂಪ್ಯೂಟರಿನಲ್ಲಿ ಏನಾದರೂ ತೆರೆದರೆ ಪಟಪಟ ಮಿನುಗುತ್ತಿತ್ತು. ಕೈ ತೆಗೆದರೆ ಸುಮ್ಮನಾಗುತ್ತಿತ್ತು. ಮತ್ತೆ ಮುಟ್ಟಿದೆ; ಮತ್ತೆ ಮಿನುಗಿತು. ಗೋಡೆಯಾಚೆ ಕೂತು ಯಾರೋ ನನ್ನನ್ನು ಅಣಕಿಸುವಂತಿತ್ತು. ದೊಡ್ಡಪ್ಪನಿಗೆ ಬೈಯಲು ಬರುತ್ತಿತ್ತೇ ಹೊರತು ಇಂಥ ಕುಚೇಷ್ಟೆ ಬರುತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು.

ಅಪ್ಪನನ್ನು ಕರೆದು ತೋರಿಸಿದೆ. "ನಿನ್ ತಲೆ," ಎಂದ. ಆದರೂ ಬಗ್ಗಿ ನೋಡುತ್ತ ನಿಂತ. ನಾನು ನಮ್ಮ ಕಂಪ್ಯೂಟರ್ ಆಫ್ ಮಾಡಿದೆ. ಎರಡನೆಯ ದೀಪ ಆರಿತು. ಆನ್ ಮಾಡಿದೆ. ಹೊತ್ತಿಕೊಂಡಿತು.

ಅಪ್ಪ ಆ ದೀಪದ ಕೆಳಗಿನ ತಂತಿಯನ್ನು ಬೆರಳಿನಿಂದ ಸವರುತ್ತ ಹೋದ. ಅದು ಗೋಡೆಯ ಕಡೆ ಹೋಗಲಿಲ್ಲ, ನನ್ನ ಮೇಜಿಗೆ ಬಂತು. ಭಾನುವಾರ ನಾನು ಅದಲುಬದಲು ಸಿಕ್ಕಿಸಿದ್ದೆ. ನಮ್ಮ ದೀಪವನ್ನೇ ನೋಡಿಕೊಂಡು ಅವರು ಚೆನ್ನಾಗಿದ್ದಾರೆ ಎಂದುಕೊಂಡಿದ್ದೆವು. ಅವರ ದೀಪ ಈಗ ಮೊದಲನೆಯದು. ಅದು ಉರಿಯುತ್ತಿರಲಿಲ್ಲ.

ಅಪ್ಪ ಚಪ್ಪಲಿಯೂ ಹಾಕದೆ ಓಡಿದ. ಬಾಗಿಲು ಒಡೆದು ಒಳಗೆ ಹೋದೆವು. ಗೋಡೆಯ ತುಂಬ ಗಡಿಯಾರಗಳು, ಒಂದೊಂದೂ ಒಂದೊಂದು ಹೊತ್ತಿಗೆ ನಿಂತಿದ್ದವು. ದೊಡ್ಡಪ್ಪ ಕಂಪ್ಯೂಟರಿನ ಮೇಜಿನ ಕಾಲು ಹಿಡಿದುಕೊಂಡು ನೆಲದ ಮೇಲೆ ಬಿದ್ದಿದ್ದರು. ಸೊಂಟ ಮುರಿದಿತ್ತು, ಉಸಿರಿತ್ತು. ಮೇಲೆ ಕೀಬೋರ್ಡಿಗೆ ಕೊಂಡ ದಿನದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ಅವರು ಅದನ್ನು ಒಂದು ದಿನವೂ ಮುಟ್ಟಿರಲಿಲ್ಲ. ಕಂಪ್ಯೂಟರನ್ನು ಬರೀ ಆನ್ ಮಾಡಿ ಇಡುತ್ತಿದ್ದರು.

ಅಪ್ಪ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಕುಡಿಸಿದ. ಅಳುತ್ತಿದ್ದ. "ಅಣ್ಣಾ, ಒಂದ್ಸಲ ಕೂಗೋಕೇನಾಗಿತ್ತು ನಿಂಗೆ?"

ದೊಡ್ಡಪ್ಪ ಗೋಡೆಯ ತೂತಿನ ಕಡೆ ಕಣ್ಣು ಹೊರಳಿಸಿದರು.

"ದೀಪ ಹಚ್ಚಿರ್ಲಿಲ್ವಲ್ಲ, ಬರ್ತೀಯ ಅಂದ್ಕೊಂಡೆ," ಎಂದರು. "ನಿನ್ನೆನೂ ಕೇಳಿಸ್ತು, ಇವತ್ತೂ ಕೇಳಿಸ್ತು. ನಾನು ಇಲ್ಲಿ ಬಿದ್ದಿದ್ದೆ ಕಣೋ. ನೀನು ಎದ್ದಿದ್ದಾನೆ ಅಂದೆ."